ಉಳಿದರ್ಧ ಜನ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಬರೆದದ್ದನ್ನು ನೀವು ಬೇಕಾದಷ್ಟು ಓದಿದ್ದೀರಿ. ಅವು ಆಸ್ಪತ್ರೆಯ ಕಿಟಕಿಯಿಂದ ಶುರುವಾಗುತ್ತವೆ. ಕಿಟಕಿಯಾಚೆ ಒಂದು ಹಕ್ಕಿ ಕೂತಿರುತ್ತದೆ. ಕೊನೆಯ ಪುಟದಲ್ಲಿ ಹಕ್ಕಿ ಹಾರಿಹೋಗುತ್ತದೆ, ನೀವು ಅರ್ಥ ಮಾಡಿಕೊಂಡು ಕಣ್ಣೊರೆಸಿಕೊಳ್ಳಬೇಕು. ನನ್ನ ಅಕ್ಕ ಮಲಗಿದ್ದ ವಾರ್ಡಿನ ಕಿಟಕಿಯಾಚೆ ಇದ್ದದ್ದು ಇನ್ನೊಂದು ವಾರ್ಡಿನ ಗೋಡೆ. ಅಲ್ಲಿಂದ ಹಾರಿದ್ದು ಸುಣ್ಣದ ಚಕ್ಕೆ.

ಹಾಗಾಗಿ ಗುಟ್ಟೆಲ್ಲ ಈಗಲೇ ಹೇಳಿಬಿಡುತ್ತೇನೆ. ನನ್ನ ಅಕ್ಕ ಸೆಫೆರಿನಾಳ ಬಲ ತೊಡೆಯ ಮೂಳೆಯನ್ನು ಕ್ಯಾನ್ಸರ್ ಒಳಗಿನಿಂದ ತಿಂದಿದೆ. ಮೂಳೆ ಇನ್ನೂ ಮುರಿದಿಲ್ಲ. ಮುರಿಯುವ ಮೊದಲೇ ಅದರೊಳಗೊಂದು ಲೋಹದ ಸರಳು ತೂರಿಸಿದರೆ ಅವಳು ನಡೆಯುತ್ತಾಳೆ. ತೂರಿಸದಿದ್ದರೆ ಯಾವತ್ತೋ ಒಂದು ದಿನ ಹಾಸಿಗೆಯಿಂದ ಏಳುವಾಗ ಅದು ಲಟಕ್ಕನೆ ಮುರಿಯುತ್ತದೆ, ಅವಳು ಮತ್ತೆ ಏಳುವುದಿಲ್ಲ. ಸರಳು ಹಾಕಬೇಕೋ ಬೇಡವೋ ಎಂದು ಗುರುವಾರ ರಾಜಧಾನಿಯ ಆಸ್ಪತ್ರೆಯಲ್ಲಿ ಡಾಕ್ಟರುಗಳೆಲ್ಲ ಕೂತು ತೀರ್ಮಾನಿಸುತ್ತಾರೆ. ಕಥೆ ಇಷ್ಟೇ. ಮಿಕ್ಕದ್ದೆಲ್ಲ ನನ್ನ ಸಿಟ್ಟು.

(ಸಿಟ್ಟು ಒಗ್ಗದವರು ಇಲ್ಲೇ ಇಳಿದುಕೊಳ್ಳಬಹುದು. ಬಸ್ಸು ಮುಂದೆ ನಿಲ್ಲುವುದಿಲ್ಲ.)

ನನ್ನ ಹೆಸರು ನಿಮಿಯಾ. ನಮ್ಮೂರ ಶಾಲೆಯಲ್ಲಿ ಆರನೇ ತರಗತಿವರೆಗೆ ಓದಿದವಳು. ಭಾನುವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಕಥೆ ಓದುತ್ತೇನೆ. ಈ ಕಥೆಯನ್ನು ಬರೆಯಲು ಅಕ್ಕ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಬರೆದ ಪ್ರತಿ ಪುಟವನ್ನೂ ಅವಳಿಗೆ ಓದಿ ಹೇಳಬೇಕು. ಈಗಷ್ಟೇ ಮೇಲಿನದನ್ನು ಓದಿ ಹೇಳಿದೆ. ಮಾವಿನ ಮರದ ಕೆಳಗೆ, ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತು ಕೇಳಿಸಿಕೊಂಡಳು.

‘ಮೊದಲನೇ ಪುಟದಲ್ಲೇ ನನ್ನ ತೊಡೆ ತೋರಿಸ್ಬಿಟ್ಯಲ್ಲೇ, ಮಾನಗೆಟ್ಟವಳೇ’ ಎಂದಳು.

‘ಮೂಳೆ ಅಕ್ಕಾ, ಮೂಳೆ ತೋರಿಸಿದ್ದು.’

‘ಅದಿನ್ನೂ ಒಳಗಿಂದು! ಬುಟ್ಟಿಯಿಂದ ಶುರು ಮಾಡು. ಜನ ನನ್ನ ಗುರುತು ಹಿಡಿಯೋದೇ ಬುಟ್ಟಿಯಿಂದ.’

೧, ಮತ್ತೆ

ಸರಿ, ಬುಟ್ಟಿ.

ಸೆಫೆರಿನಾ ಬರೇರೊ ಹೆದ್ದಾರಿಯಲ್ಲಿ ಚಿಪಾ ಮಾರಿಕೊಂಡೇ ಮುದುಕಿಯಾಗುತ್ತಿದ್ದವಳು. ಮರಗೆಣಸಿನ ಹಿಟ್ಟು, ಚೀಸು ಕಲಸಿ, ಬಳೆಯ ಆಕಾರಕ್ಕೆ ತಟ್ಟಿ, ಮಣ್ಣಿನ ಒಲೆಯಲ್ಲಿ ಸುಟ್ಟದ್ದು ಚಿಪಾ. ಬಿಸಿ ಆರುವುದರೊಳಗೆ ಮಾರಬೇಕು. ದೂರದ ಬಸ್ಸು ತುಸು ನಿಧಾನ ಮಾಡಿದರೆ ಸಾಕು, ಅವಳ ತಲೆಯ ಮೇಲಿನ ಬುಟ್ಟಿ ಬಲ ಸೊಂಟಕ್ಕೆ ಇಳಿಯುತ್ತಿತ್ತು, ಎಡಗೈ ಬಾಗಿಲ ಕಂಬಿ ಹಿಡಿಯುತ್ತಿತ್ತು, ಬಸ್ಸು ನಿಲ್ಲುವ ಮೊದಲೇ ಅವಳು ಒಳಗೆ. ಸೊಂಟದ ಮೇಲೆ ಬುಟ್ಟಿ ಒರಗಿಸಿಕೊಂಡು ಸೀಟುಗಳ ನಡುವೆ ಕೊನೆಯವರೆಗೂ ಹೋಗಿ ಮುಂದಿನ ತಿರುವಿನಲ್ಲಿ ಇಳಿಯುತ್ತಿದ್ದಳು.

ಹೀಗೆ ಮಾರುವ ಎಲ್ಲ ಹೆಂಗಸರಿಗೂ ಬಲ ಸೊಂಟ ನೋಯುತ್ತದೆ. ಅದಕ್ಕೆ ಬುಟ್ಟಿನೋವು ಎಂದೇ ಹೆಸರು. ಅದಿಲ್ಲದವಳನ್ನು ಕೆಲಸಗಳ್ಳಿ ಎನ್ನುತ್ತಾರೆ. ಸೆಫೆರಿನಾ ಒಂದು ದಿನ ನೋವು ಎಂದಾಗ ಹೆದ್ದಾರಿಯ ಗೆಳತಿಯರು ಚಪ್ಪಾಳೆ ತಟ್ಟಿದ್ದರು.

‘ಅಂತೂ ಬಂತೇನೇ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಕೊಂಡಿದ್ದೆ? ನಾವು ನಿನ್ನ ಸೊಂಟ ಮರದ್ದು ಅಂದ್ಕೊಂಡಿದ್ವಿ!’

ತಮ್ಮ ಅಟೀಲಿಯೊ ಕೋಳಿ ಕೊಬ್ಬು ಕರಗಿಸಿ ಹಚ್ಚಿಕೊಳ್ಳಲು ಕೊಟ್ಟ. ಊರಿನ ದವಾಖಾನೆಯಲ್ಲಿ ನೋವಿನ ಗುಳಿಗೆ ಕೊಟ್ಟರು. ಅವಳು ಬುಟ್ಟಿಯನ್ನು ಎಡ ಸೊಂಟಕ್ಕೆ ಬದಲಾಯಿಸಿದಳು. ಬುಟ್ಟಿ ಎಡಕ್ಕೆ ಹೋಯಿತು, ನೋವು ಬಲದಲ್ಲೇ ಉಳಿಯಿತು.

(ಆ ಕೊನೆಯ ವಾಕ್ಯವನ್ನು ಇನ್ನೊಂದು ಸಲ ಓದಿ. ನಾವು ಯಾರೂ ಓದಲಿಲ್ಲ.)

ಕೆಲವು ವರ್ಷದ ಹಿಂದೆ ಅವಳ ಒಂದು ಸ್ತನ ತೆಗೆದಿದ್ದರು. ವಾಸಿಯಾಯಿತು ಎಂದು ಹಂದಿ ಕೊಯ್ದು ಊರಿಗೆ ಊಟ ಹಾಕಿದ್ದೆವು. ಊಟ ಹಾಕಿದ ಮೇಲೆ ಕಾಯಿಲೆ ಹಿಂದಕ್ಕೆ ಬರುವುದಿಲ್ಲ ಎಂದು ನಮ್ಮವರು ನಂಬುತ್ತಾರೆ, ಉಂಡುಹೋದ ನೆಂಟರ ಹಾಗೆ. ದವಾಖಾನೆಯಲ್ಲಿ ಆ ಎದೆಯ ಸಂಗತಿ ಯಾರೂ ಕೇಳಲಿಲ್ಲ. ಸೊಂಟ ನೋವು ಎಂದವಳ ಎದೆಯ ಬಗ್ಗೆ ಯಾರು ಕೇಳುತ್ತಾರೆ? ಕೇಳಬೇಕು ಕಣ್ರೀ! ಬಿಳಿ ಕೋಟು ಹಾಕಿಕೊಂಡು ಕೂತವರು ಅದಕ್ಕೇ ಅಲ್ಲವೇ ಕೂತಿರುವುದು!

‘ಕಿರುಚಬೇಡ. ರೇಡಿಯೋ ಒಡೆದುಹೋಗತ್ತೆ’ ಎಂದಳು ಅಕ್ಕ.

೨

ಡಾಕ್ಟರ್ ಬೆನೇಗಸ್ ಇಲ್ಲಿ ಬರುತ್ತಾನೆ. ಎಳೆ ವಯಸ್ಸು, ದಪ್ಪ ಕನ್ನಡಕ, ತಲೆಯಲ್ಲಿ ಬಾಚಣಿಗೆಗೆ ಬಗ್ಗದ ಒಂದು ಕೂದಲ ಗುಚ್ಛ. ಅವನನ್ನು ವಿಲನ್ ಮಾಡಬೇಕೆಂದು ಮೂರು ಸಲ ಬರೆದು ಮೂರು ಸಲ ಹರಿದೆ. ಆ ಗುಚ್ಛ ಅಡ್ಡ ಬರುತ್ತದೆ. ಅಂಥ ಕೂದಲಿರುವವನನ್ನು ವಿಲನ್ ಎಂದು ಯಾರೂ ನಂಬುವುದಿಲ್ಲ.

ಗುಳಿಗೆಗೂ ನೋವು ಬಗ್ಗದೆ ರಾಜಧಾನಿಯ ಆಸ್ಪತ್ರೆಗೆ ಹೋದಾಗ ಸ್ಕ್ಯಾನ್ ಮಾಡಿಸಿದವನು ಇವನೇ. ಸ್ಕ್ಯಾನ್ ಆದ ದಿನ ಅವನು ನನ್ನನ್ನು ಮಾತ್ರ ವರಾಂಡಕ್ಕೆ ಕರೆದ. ಕಾಯಿಲೆಯ ಸುದ್ದಿಯನ್ನು ಕಾಯಿಲೆಯವರಿಗಿಂತ ಮೊದಲು ಮನೆಯವರಿಗೆ ಹೇಳುವುದು ನಮ್ಮಲ್ಲಿ ಮರ್ಯಾದೆ. ಎದೆಯಲ್ಲಿದ್ದದ್ದು ಮೂಳೆಗೆ ಹರಡಿದೆ, ಇಂಥವರು ಸಾಮಾನ್ಯವಾಗಿ ಏಳು ತಿಂಗಳು, ಅಷ್ಟಕ್ಕಾಗಿ ದೊಡ್ಡ ಆಪರೇಷನ್ ಬೇಡ ಎನ್ನಿಸುತ್ತದೆ, ಗಾಲಿಕುರ್ಚಿಗೆ ಬರೆದುಕೊಡುತ್ತೇನೆ, ನೀವೇ ಅವರಿಗೆ ನಿಧಾನವಾಗಿ ತಿಳಿಸಿ ಎಂದ.

ನಾನು ತಿಳಿಸುವ ಅಗತ್ಯ ಬೀಳಲಿಲ್ಲ. ಬಾಗಿಲು ತೆರೆದೇ ಇತ್ತು. ನನ್ನ ಅಕ್ಕನಿಗೆ ಕಾಯಿಲೆ ಬಂದಿರುವುದು ಮೂಳೆಗೆ, ಕಿವಿಗಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಸೀಟಿನಲ್ಲಿ ಕೂತಿದ್ದಳು. ದಾರಿಯಲ್ಲೊಂದು ಕಡೆ ಇನ್ನೊಬ್ಬಳು ಬುಟ್ಟಿ ಹೊತ್ತು ಹತ್ತಿದಳು. ಅಕ್ಕ ಒಂದು ಚಿಪಾ ಕೊಂಡು ಮುರಿದು ನೋಡಿ, ‘ಹಿಟ್ಟು ನಾದಿಲ್ಲ, ಕಳ್ಳಿ’ ಎಂದು ಅವಳಿಗೆ ಬೈದಳು. ಮನೆ ಬರುವವರೆಗೆ ಆಡಿದ್ದು ಅದೊಂದೇ ಮಾತು.

(ಇಲ್ಲಿ ಅವಳು ಅಳಬೇಕಿತ್ತು ಎಂದು ರೇಡಿಯೋದವರು ಹೇಳಿದರು. ಹಾಗಾದರೆ ನೀವೇ ಬಂದು ಅಳಿಸಿ ಎಂದೆ.)

೩

ಈಗ ಕೊಂಬಿನ ಸಂಗತಿ. ಇದನ್ನು ಅಟೀಲಿಯೊ ಕೇಳಿಸಿಕೊಳ್ಳುತ್ತಾನೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಅಂಗಳದಲ್ಲಿ ದಿನಕ್ಕೆರಡು ಹೊತ್ತು ತೆರೆರೆ ನಡೆಯುತ್ತದೆ. ಒಂದು ಹಸುವಿನ ಕೊಂಬು, ಅದರ ತುಂಬ ಕಹಿ ಎಲೆಯ ಪುಡಿ, ಅದರಲ್ಲೊಂದು ಲೋಹದ ಕೊಳವೆ. ಸುರಿಯುವವನು ಒಬ್ಬನೇ. ಮಂಜುಗಡ್ಡೆ ಹಾಕಿದ ನೀರು ಸುರಿದು ಒಬ್ಬರಿಗೆ ಕೊಡುತ್ತಾನೆ. ಅವರು ಗೊರಗೊರ ಸದ್ದು ಬರುವವರೆಗೆ ಹೀರಿ ವಾಪಸ್ಸು ಕೊಡುತ್ತಾರೆ. ಅದೇ ಕೊಂಬು, ಅದೇ ಕೊಳವೆ ಮುಂದಿನವರಿಗೆ. ಎಂಜಲು ಎಂಬ ಮಾತೇ ಅಲ್ಲಿಲ್ಲ. ಮೊದಲ ಸುರಿತ ಮಾತ್ರ ಯಾರೂ ಕುಡಿಯುವಂತಿಲ್ಲ, ಎಲೆಯೇ ಅದನ್ನು ಹೀರಿಕೊಳ್ಳಲು ಬಿಡುತ್ತೇವೆ. ಅದು ಸಂತ ತೋಮನ ಪಾಲು. ಇನ್ನೊಂದು ಕಟ್ಟಳೆಯಿದೆ. ಕೊಂಬು ವಾಪಸ್ಸು ಕೊಡುವಾಗ ಸುಮ್ಮನೆ ಕೊಡಬೇಕು. ‘ಉಪಕಾರವಾಯ್ತು’ ಎಂದರೆ ನನಗೆ ಸಾಕು, ಇನ್ನು ನನ್ನನ್ನು ಬಿಟ್ಟು ಸುರಿಯಿರಿ ಎಂದರ್ಥ. ಹಾಗೆನ್ನುವವರೆಗೂ ಸುರಿಯುವವನು ಅವರನ್ನು ಬಿಡುವಂತಿಲ್ಲ.

ಸುರಿಯುವವನು ಅಟೀಲಿಯೊ. ಸ್ಕ್ಯಾನ್ ಆದ ವಾರ ಅವನು ಪೇಟೆಗೆ ಹೋಗಿ ಹೊಸದೊಂದು ಸ್ಟೀಲಿನ ಲೋಟ ತಂದ. ಮೇಲೆ ಅಕ್ಕನ ಹೆಸರು ಕೊರೆಸಿದ್ದ, ಸುತ್ತ ಹೂವಿನ ಬಳ್ಳಿ. ಹೊಸ ಕೊಳವೆ ಕೂಡ.

‘ಇನ್ಮೇಲೆ ಇದು ನಿನ್ನದೇ ಅಕ್ಕಾ. ಬೇರೆಯವರ ನಂಜು ನಿನಗೆ ತಗಲಬಾರದು ಅಂತ.’

‘ಯಾರ ನಂಜು ಯಾರಿಗೆ?’ ಎಂದು ನಾನು ಕೇಳಿದೆ. ಅವನು ಜಗ್ಗಿನೊಳಗೆ ಮಂಜುಗಡ್ಡೆ ಹುಡುಕತೊಡಗಿದ.

ಅಕ್ಕ ಲೋಟ ತಿರುಗಿಸಿ ನೋಡಿದಳು. ಹೂವು ಚೆನ್ನಾಗಿದೆ ಎಂದಳು. ಕುಡಿದಳು, ವಾಪಸ್ಸು ಕೊಟ್ಟಳು, ‘ಉಪಕಾರವಾಯ್ತು’ ಎಂದಳು. ಮೊದಲನೇ ಸುತ್ತಿಗೇ. ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಆ ಮಾತು ಹೇಳುತ್ತಿದ್ದವಳು, ಜಗ್ಗು ಬರಿದಾಗಿ ಅಟೀಲಿಯೊ ತಲೆಕೆಳಗೆ ಮಾಡಿ ತೋರಿಸಿದರೂ ಹೇಳದವಳು. ಮರುದಿನವೂ ಮೊದಲ ಸುತ್ತಿಗೇ ಉಪಕಾರವಾಯ್ತು. ಅದರ ಮರುದಿನವೂ. ನಾವು ಕುಡಿಯುತ್ತಿದ್ದೆವು, ಅವಳು ಪಕ್ಕದಲ್ಲಿ ಕೂತು ಹೆದ್ದಾರಿ ನೋಡುತ್ತಿದ್ದಳು. ಈ ಮನೆಯಲ್ಲಿ ಬೇರೆ ಪಾಲು ಇದ್ದದ್ದು ಸಂತ ತೋಮನಿಗೆ ಒಬ್ಬನಿಗೇ. ಅವನು ಸತ್ತವನು.

‘ನಾನು ಕೆಟ್ಟದ್ದಕ್ಕೆ ಮಾಡಲಿಲ್ಲ’ ಎಂದ ಅಟೀಲಿಯೊ, ಈಗ, ಇದನ್ನು ಓದಿ ಹೇಳಿದಾಗ.

‘ಒಳ್ಳೆಯದಕ್ಕೇ ಮಾಡಿದ್ದಕ್ಕೆ ನಂಗೆ ಹೊಟ್ಟೆ ಉರಿಯೋದು!’ ಎಂದೆ. ‘ಕೆಟ್ಟದ್ದಕ್ಕೆ ಮಾಡಿದ್ದಿದ್ರೆ ಅದೇ ಲೋಟದಲ್ಲಿ ಹೊಡೀತಿದ್ದೆ.’

‘ಹೊಡೆದೆಯಲ್ಲ!’

(ಹೊಡೆದೆ. ತಲೆಗಲ್ಲ, ಭುಜಕ್ಕೆ. ಇದನ್ನು ಕಥೆಯಲ್ಲಿ ಬಿಟ್ಟುಬಿಡಬೇಕೆಂದಿದ್ದೆ.)

೪

ಕಳೆದ ವಾರ ಡಾಕ್ಟರ್ ಬೆನೇಗಸ್ ಮತ್ತೆ ಬರಹೇಳಿದ್ದ. ಗಾಲಿಕುರ್ಚಿಯ ಚೀಟಿ ಕೊಡಲು. ಅವನ ಮೇಜಿನ ಮೇಲೂ ಜಗ್ಗು, ಕೊಂಬು. ಈ ದೇಶದಲ್ಲಿ ನ್ಯಾಯಾಧೀಶನೂ ಮೇಜಿನ ಕೆಳಗೆ ಜಗ್ಗು ಇಟ್ಟುಕೊಂಡೇ ತೀರ್ಪು ಕೊಡುವುದು. ಸೆಕೆ ಭಯಂಕರ. ನಾವು ಕೂತ ಕೂಡಲೇ ಅವನು ಅಭ್ಯಾಸಬಲದಿಂದ ಸುರಿದು ಅಕ್ಕನ ಮುಂದೆ ಕೊಂಬು ಚಾಚಿದ. ಹೌದು, ತನ್ನದೇ ಕೊಂಬು, ತನ್ನದೇ ಕೊಳವೆ.

ಅಕ್ಕ ಕೊಂಬನ್ನು ನೋಡಿದಳು. ಅವನನ್ನು ನೋಡಿದಳು.

‘ಡಾಕ್ಟ್ರೇ, ನನ್ನ ಕಾಯಿಲೆ ಎಂಜಲಲ್ಲಿ ಅಂಟಲ್ವಾ?’

‘ಕ್ಯಾನ್ಸರಾ? ಎಂಜಲಲ್ಲಿ ಅಂಟೋದಾ?’ ಅವನು ನಕ್ಕ. ‘ಇಲ್ಲಮ್ಮಾ. ನನಗೆ ನೆಗಡಿಯೂ ಇಲ್ಲ, ಹೆದರದೆ ಕುಡೀರಿ.’

ಅವಳು ಗೊರಗೊರ ಅನ್ನುವವರೆಗೆ ಹೀರಿ, ಸುಮ್ಮನೆ ವಾಪಸ್ಸು ಕೊಟ್ಟಳು. ಉಪಕಾರವಾಯ್ತು ಎನ್ನಲಿಲ್ಲ. ಅವನು ತಾನು ಕುಡಿದು ಮತ್ತೆ ಅವಳಿಗೆ ಸುರಿಯಲೇಬೇಕಾಯಿತು.

‘ಏಳು ತಿಂಗಳು ಅಂದ್ರಲ್ಲ ಅವತ್ತು, ವರಾಂಡದಲ್ಲಿ. ಅದು ಯಾರ ಲೆಕ್ಕ?’

ಅವನು ನನ್ನ ಕಡೆ ನೋಡಿದ. ನಾನು ಛಾವಣಿಯ ಫ್ಯಾನು ನೋಡಿದೆ.

‘ನಮ್ಮ ಆಸ್ಪತ್ರೆಯಲ್ಲೇ ಒಂದು ಸ್ಟಡಿ ಮಾಡಿದ್ವಿ ಅಮ್ಮಾ. ಮೂಳೆಗೆ ಹರಡಿದವರನ್ನೆಲ್ಲ ಸೇರಿಸಿ ನೋಡಿದ್ವಿ. ವಯಸ್ಸೆಷ್ಟು, ಯಾವ ಮೂಳೆ, ಎಷ್ಟು ದಿನ ಅಂತ. ಅದರಲ್ಲಿ ಅರ್ಧ ಜನ ಏಳು ತಿಂಗಳೊಳಗೆ…’

‘ಏಳು ತಿಂಗಳೊಳಗೆ ಏನಾದ್ರು?’

‘ತೀರಿಕೊಂಡ್ರು.’

‘ಪಾಪ. ಉಳಿದರ್ಧ ಜನ?’

‘ಅಂದ್ರೆ?’

‘ಉಳಿದರ್ಧ ಜನ ಎಲ್ಲಿಗೆ ಹೋದ್ರು?’

ಬೆನೇಗಸ್ ಕೊಂಬಿಗೆ ನೀರು ಸುರಿದ, ಸ್ವಲ್ಪ ಹೊರಗೆ ಚೆಲ್ಲಿತು. ‘ಅವರು ಅದಕ್ಕಿಂತ ಜಾಸ್ತಿ ಬದುಕಿದ್ರು. ಕೆಲವರು ವರ್ಷ. ಕೆಲವರು ಮೂರು, ನಾಲ್ಕು. ಒಂದಿಬ್ಬರು ಈಗಲೂ ಚೆಕಪ್ಪಿಗೆ ಬರ್ತಾರೆ.’

‘ಯಾವುದರಲ್ಲಿ ಬರ್ತಾರೆ?’

‘ಏನು ಯಾವುದರಲ್ಲಿ?’

‘ಆಂಬುಲೆನ್ಸಲ್ಲೋ, ಬಸ್ಸಲ್ಲೋ?’

‘…ಬಸ್ಸಲ್ಲಿ.’

‘ಹಾಗಾದ್ರೆ ನನ್ನ ಹತ್ರ ಚಿಪಾ ತಗೊಂಡಿರ್ತಾರೆ’ ಎಂದಳು ಅಕ್ಕ. ಮತ್ತೆ ಹೀರಿದಳು, ಮತ್ತೆ ಸುಮ್ಮನೆ ಕೊಟ್ಟಳು.

ಹೊರಗೆ ಜನ ಕಾಯುತ್ತಿದ್ದರು. ನರ್ಸು ಎರಡು ಸಲ ಇಣುಕಿ ಹೋದಳು. ಆದರೆ ಇವಳು ಉಪಕಾರವಾಯ್ತು ಎನ್ನದೆ ಅವನು ಜಗ್ಗು ಕೆಳಗಿಡುವಂತಿಲ್ಲ, ಜಗ್ಗು ಕೈಯಲ್ಲಿರುವಾಗ ಎದ್ದು ಹೋಗುವಂತಿಲ್ಲ. ನಮ್ಮಲ್ಲಿ ಹುಟ್ಟಿದ ಯಾರಿಗೂ ಅದು ಸಾಧ್ಯವಿಲ್ಲ, ಎಷ್ಟೇ ಓದಿರಲಿ.

‘ಎಲ್ಲರನ್ನೂ ಸೇರಿಸಿ ಅಂದ್ರಲ್ಲ, ಯಾರ್ಯಾರ್ನ ಸೇರಿಸಿದ್ರಿ?’

‘ಶ್ವಾಸಕೋಶದವರು, ಕಿಡ್ನಿಯವರು, ಸ್ತನದವರು… ಎಲ್ಲ.’

‘ಬೇಗ ಹೋದವರು ಯಾರು?’

‘ಹೆಚ್ಚಾಗಿ ಶ್ವಾಸಕೋಶದವರು. ಸ್ತನದವರು ನಿಧಾನ. ಮೂಳೆ ಬಿಟ್ಟು ಬೇರೆಲ್ಲೂ ಹರಡದಿದ್ರೆ ಇನ್ನೂ ನಿಧಾನ.’

‘ನಂದು ಬೇರೆಲ್ಲಾದ್ರೂ ಹರಡಿದ್ಯಾ?’

‘ಇಲ್ಲ.’

ಇಲ್ಲಿಯವರೆಗೆ ನಾನು ಬಾಯಿ ಬಿಗಿಹಿಡಿದಿದ್ದೆ. ಇನ್ನು ಆಗಲಿಲ್ಲ. ‘ಯಾರದ್ದೋ ಶ್ವಾಸಕೋಶದ ಸಾವನ್ನ ತಂದು ನಮ್ಮಕ್ಕನ ತೊಡೆಗೆ ಕಟ್ಟಿದ್ರೇನ್ರೀ? ಕಿಡ್ನಿಯವರ ಪಾಲೂ ಇವಳಿಗೇನಾ? ಹತ್ತು ಮನೆ ಹೆಣ ಒಟ್ಟಿಗೆ ತೂಗಿ ಸಮ ಪಾಲು ಹಂಚೋಕೆ ಇದೇನು ಕಸಾಯಿ ಅಂಗಡಿನಾ?’

‘ಸುಮ್ನಿರೇ’ ಎಂದಳು ಅಕ್ಕ. ‘ಡಾಕ್ಟ್ರೇ, ಕೊನೇದೊಂದು. ಮೂಳೆ ಮುರಿದು ಮಲಗಿದವರು ಬೇಗ ಹೋದ್ರಾ?’

ಅವನು ಮತ್ತೆ ಸುರಿದು ಅವಳಿಗೆ ಕೊಟ್ಟ. ‘ಹೌದು. ಮಲಗಿದಲ್ಲೇ ಇದ್ರೆ ಕಫ ಕಟ್ಟತ್ತೆ, ರಕ್ತ ಹೆಪ್ಪುಗಟ್ಟತ್ತೆ. ಬೇಗ ಹೋಗ್ತಾರೆ.’

‘ಅಂದ್ರೆ ನೀವು ಸರಳು ಹಾಕ್ದೇ ಇದ್ರೆ, ನಿಮ್ಮ ಲೆಕ್ಕ ಸರಿಯಾಗತ್ತೆ.’

(ಇಲ್ಲಿ ಡಾಕ್ಟರು ತಲೆ ತಗ್ಗಿಸಿದ ಎಂದು ಬರೆಯಬೇಕೆಂದು ಕೈ ತುರಿಸುತ್ತಿದೆ. ಅವನು ತಗ್ಗಿಸಲಿಲ್ಲ. ಅವನಿಗೂ ರೇಗಿತು.)

‘ಪ್ರಶ್ನೆ ಕೇಳೋದು ಸುಲಭ ಅಮ್ಮಾ! ನನಗಿರೋದು ಒಂದೇ ಆಪರೇಷನ್ ಟೇಬಲ್. ಈ ವಾರ ಮೋಟಾರ್ ಸೈಕಲ್ಲಿಂದ ಬಿದ್ದವರೇ ಹದಿಮೂರು ಜನ ಇದಾರೆ. ಎಲ್ಲ ಇಪ್ಪತ್ತು ಇಪ್ಪತ್ತೈದರವರು. ಅವರಲ್ಲಿ ಯಾರನ್ನ ಕೆಳಗಿಳಿಸಲಿ ಹೇಳಿ?’

‘ಯಾರನ್ನೂ ಇಳಿಸಬೇಡಿ. ಸಾಲಲ್ಲಿ ನಿಲ್ಲಿಸಿ, ಹಿಂದೆ ನಿಲ್ತೀನಿ. ಸಾಲಿಂದ ಆಚೆ ಯಾಕೆ ತಳ್ತೀರಿ?’

ಅವನು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದ. ಕೊನೆಗೆ ಹೇಳಿದ: ಗುರುವಾರ ಸಭೆಯಿದೆ. ಸ್ತನದವರದ್ದಷ್ಟೇ ಬೇರೆ ಲೆಕ್ಕ ತೆಗೆದು ಎಲ್ಲರ ಮುಂದೆ ಇಡುತ್ತೇನೆ. ಒಪ್ಪುತ್ತಾರೆಂದು ಮಾತು ಕೊಡಲಾರೆ. ಏನಾಯಿತೆಂದು ಫೋನ್ ಮಾಡುತ್ತೇನೆ.

ಹೇಳುತ್ತ ಅವನು ನನ್ನ ಕಡೆ ತಿರುಗಿದ್ದ, ನಂಬರು ಬರೆದುಕೊಳ್ಳಲು.

‘ಅವಳಿಗಲ್ಲ. ನನಗೆ ಮಾಡಿ. ಮೂಳೆ ನಂದು’ ಎಂದಳು ಅಕ್ಕ. ತನ್ನ ನಂಬರು ಹೇಳಿದಳು. ಆಮೇಲೆ ಕೊಂಬು ಖಾಲಿ ಮಾಡಿ ಅವನ ಕೈಗಿಟ್ಟು, ‘ಈಗ ಉಪಕಾರವಾಯ್ತು’ ಎಂದಳು. ಗಾಲಿಕುರ್ಚಿಯ ಚೀಟಿ ಮೇಜಿನ ಮೇಲೇ ಉಳಿಯಿತು.

೫

ಮನೆಗೆ ಬಂದು ಅಟೀಲಿಯೊಗೆ ಒಂದೇ ಮಾತು ಹೇಳಿದೆ: ‘ಡಾಕ್ಟರು ಇವಳೆಂಜಲು ಕುಡಿದ.’ ಅವನು ಎದ್ದು ಒಳಗೆ ಹೋದ. ಸಂಜೆ ಜಗ್ಗು ತಂದ, ಹಳೆಯ ಕೊಂಬು ತಂದ. ಸ್ಟೀಲಿನ ಲೋಟ ಕಾಣಲಿಲ್ಲ.

‘ಎಲ್ಲೋ ನನ್ನ ಹೂವಿನ ಲೋಟ?’

‘ಎಸೆದೆ ಅಕ್ಕಾ.’

‘ಅಯ್ಯೋ ಕತ್ತೆ! ಹೆಸರು ಬೇರೆ ಕೊರೆಸಿದ್ದೆ. ತಗೊಂಡು ಬಾ. ಸಂತ ತೋಮನ ಪಾಲು ಅದಕ್ಕೆ ಸುರಿ. ಸತ್ತೋರಿಗೆ ಬೇರೆ ಲೋಟ ಇರ್ಲಿ.’

(ಕಥೆ ಇಲ್ಲೇ ಮುಗಿಸಬಹುದಿತ್ತು, ಎಲ್ಲರೂ ನಕ್ಕರು ಎಂದು ಬರೆದು. ಆದರೆ ಮೂಳೆ ಇನ್ನೂ ಹಾಗೇ ಇದೆಯಲ್ಲ? ನಗುವಿನಿಂದ ಮೂಳೆ ಕೂಡುವುದಿಲ್ಲ.)

೬, ಅಂತ್ಯಗಳು

ರೇಡಿಯೋದವರಿಗೆ ಅಂತ್ಯ ಬೇಕಂತೆ. ಮೂರು ಬರೆದು ಅಕ್ಕನಿಗೆ ಓದಿದೆ.

ಮೊದಲನೆಯದರಲ್ಲಿ ಸಭೆ ಒಪ್ಪುವುದಿಲ್ಲ. ಮರುದಿನ ಅವಳು ಬಸ್ಸಿನ ಹಾರ್ನ್ ಕೇಳಿ ಅಭ್ಯಾಸದಿಂದ ಥಟ್ಟನೆ ಏಳುತ್ತಾಳೆ, ಮೂಳೆ ಮುರಿಯುತ್ತದೆ. ಚಿಪಾಗಳು ಮಣ್ಣಿನಲ್ಲಿ ಉರುಳುತ್ತವೆ.

‘ಉರುಳೋಕೆ ನನ್ನ ಚಿಪಾ ಏನು ಗಾಲಿನಾ? ತೆಗಿ ಅದನ್ನ.’

ಎರಡನೆಯದರಲ್ಲಿ ಸಭೆ ಒಪ್ಪುತ್ತದೆ. ಸರಳು ಹಾಕುತ್ತಾರೆ. ಅವಳು ಬುಟ್ಟಿ ಹೊತ್ತು ಓಡುವ ಬಸ್ಸು ಹತ್ತುತ್ತಾಳೆ, ಪ್ರಯಾಣಿಕರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

‘ಚಪ್ಪಾಳೆ ತಟ್ಟೋ ಕೈಯಲ್ಲಿ ಚಿಪಾ ಹೇಗೆ ತಗೋತಾರೆ? ಅಲ್ಲದೆ ನಾನು ಬಸ್ಸು ಹತ್ತಬೇಕು ಅಂತ ಯಾವಾಗ ಹೇಳ್ದೆ? ಕಕ್ಕಸಿಗೆ ನನ್ನ ಕಾಲಲ್ಲೇ ಹೋಗ್ಬೇಕು. ಒಲೆ ಮುಂದೆ ನಿಂತು ಹಿಟ್ಟು ನಾದಬೇಕು. ಅದನ್ನ ಬರಿ.’

ಮೂರನೆಯದನ್ನು ಓದಲು ಹೋಗಿ ಮೊದಲ ಸಾಲಿಗೇ ನಿಲ್ಲಿಸಿದೆ. ಅದು ಏಳನೇ ತಿಂಗಳದ್ದು. ಅಕ್ಕ ಕೈ ಚಾಚಿ ಹಾಳೆ ತೆಗೆದುಕೊಂಡಳು, ನಾಲ್ಕಾಗಿ ಮಡಿಚಿದಳು, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ನೆಟ್ಟಗೆ ನಿಂತಿತು.

‘ಅದು ಮೊದಲನೇ ಅರ್ಧದವರ ಕಥೆ’ ಎಂದಳು. ‘ಅವರದ್ದನ್ನ ಅವರ ಮನೆಯೋರು ಬರೀಲಿ. ಚೆನ್ನಾಗಿ ಬರೀಲಿ. ನೀನು ನನ್ನದು ಬರಿ.’

‘ನಿನ್ನದು ಏನಾಗತ್ತೆ ಅಂತ ಗೊತ್ತಿಲ್ವಲ್ಲಕ್ಕ!’

‘ಮತ್ತೆ? ಗೊತ್ತಿಲ್ಲ ಅಂತ ಬರಿ.’

ಗೊತ್ತಿಲ್ಲ.

ಗೊತ್ತಿದೆ ಎಂದವರ ಮೇಲೆಯೇ ನನ್ನ ಸಿಟ್ಟು. ಅವಳು ಒಂದು ವರ್ಷ ಬದುಕಿದರೂ ನಾಲ್ಕು ಬದುಕಿದರೂ ಅಥವಾ ನಿಜವಾಗಿಯೂ ಆ ಏಳು ತಿಂಗಳೇ ಆದರೂ, ಅಷ್ಟನ್ನೂ ತನ್ನ ಕಾಲ ಮೇಲೆ ನಿಂತು ಬದುಕಬೇಕು. ಸರಳಿಗೆ ಆಯಸ್ಸು ಹೆಚ್ಚಿಸಲು ಬರದಿದ್ದರೆ ಬೇಡ, ನಿಲ್ಲಿಸಲು ಬರುತ್ತದೆ.

೭

ಇವತ್ತು ಗುರುವಾರ. ನಾನು ಬರೆಯುತ್ತಿರುವುದು ಈಗ, ಅಂಗಳದಲ್ಲಿ. ಹೆದ್ದಾರಿಯಲ್ಲಿ ಬಸ್ಸುಗಳು ಹೋಗುತ್ತಿವೆ. ಅಟೀಲಿಯೊ ಒರಳಿನಲ್ಲಿ ಸೊಪ್ಪು ಜಜ್ಜಿ ಜಗ್ಗಿಗೆ ಹಾಕಿದ್ದಾನೆ. ಸಂತ ತೋಮನ ಪಾಲು ಹೂವಿನ ಲೋಟದಲ್ಲಿ ಕೂತಿದೆ, ಅದರ ಸುತ್ತ ಒಂದು ಇರುವೆ. ಅಕ್ಕನ ಫೋನು ಅವಳ ಮಡಿಲಲ್ಲಿ, ಊರುಗೋಲಿನ ಪಕ್ಕ.

ಕೊಂಬು ನನಗೆ ಬಂತು, ಕುಡಿದು ಕೊಟ್ಟೆ. ಅಕ್ಕನಿಗೆ ಹೋಯಿತು. ಅವಳು ಕೊಳವೆಗೆ ಬಾಯಿ ಇಟ್ಟಾಗ ಫೋನು ಹೊಡೆದುಕೊಂಡಿತು.

ಅಟೀಲಿಯೊ ಜಗ್ಗು ಹಿಡಿದವನು ಹಾಗೇ ನಿಂತ. ನಾನು ಎದ್ದೆ. ಕೈ ಚಾಚಿದೆ. ಅಕ್ಕ ಹೀರುತ್ತಲೇ ಒಂದು ಬೆರಳು ಎತ್ತಿ ತೋರಿಸಿದಳು: ಕೂತ್ಕೋ. ಕೊಂಬಿನಲ್ಲಿ ನೀರು ಉಳಿಸಿ ವಾಪಸ್ಸು ಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಫೋನು ಅವಳ ಮಡಿಲಲ್ಲಿ ನಡುಗುತ್ತ ಬಡಿದುಕೊಳ್ಳುತ್ತಿದೆ. ಅವಳು ಅವಸರವಿಲ್ಲದೆ ಹೀರುತ್ತಿದ್ದಾಳೆ. ನಾನು ಕೂತು ಇದನ್ನು ಬರೆಯುತ್ತಿದ್ದೇನೆ.

ಗೊರಗೊರ ಎಂದಿತು.

ಅಕ್ಕ ಕೊಂಬನ್ನು ಅಟೀಲಿಯೊನ ಕೈಗೆ ಕೊಟ್ಟಳು. ಉಪಕಾರವಾಯ್ತು ಎನ್ನಲಿಲ್ಲ. ಫೋನು ಕಿವಿಗಿಟ್ಟು, ‘ಹ್ಞಾ, ನಾನೇ ಸೆಫೆರಿನಾ. ಹೇಳಿ’ ಎಂದಳು.

ನನಗೆ ಆ ಕಡೆಯ ಮಾತು ಕೇಳಿಸುತ್ತಿಲ್ಲ. ಅಟೀಲಿಯೊ ಮುಂದಿನ ಸುತ್ತಿಗೆ ಸುರಿಯುತ್ತಿದ್ದಾನೆ.